ಕರೆ ಬರುವ ಮೊದಲೇ ಸಿದ್ಧತೆ: ಜಾನ್ ಫ್ಲಿನ್ ಅಯ್ಯನವರ ಚರಿತ್ರೆ

ನಡುರಾತ್ರಿಯಲ್ಲಿ ಹೆರಿಗೆಯ ಬೇನೆ ಕಠಿಣವಾದಾಗ, ಇಲ್ಲವೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿದಾಗ, ಮನೆಯವರ ಬಾಯಿಂದ ಹೊರಡುವ ಮೊದಲನೆಯ ಮಾತು ಡಾಕ್ಟರು ಎಲ್ಲಿದ್ದಾರೆಂಬದೇ. ಆಸ್ಪತ್ರೆಯು ಹತ್ತು ಮೈಲು ದೂರವಿದ್ದರೆ ಆ ಹತ್ತು ಮೈಲು ಆ ಹೊತ್ತಿಗೆ ನೂರಾಗಿ ತೋರುವದು. ಹಾಗಾದರೆ ಡಾಕ್ಟರನು ನಿಜವಾಗಿಯೂ ನಾನೂರು ಐನೂರು ಮೈಲು ಆಚೆಗಿದ್ದ ದೇಶದಲ್ಲಿ ವಾಸಿಸಿದವರ ಗತಿ ಏನಾಗಿದ್ದೀತು? ಅಂಥ ದೇಶದಲ್ಲಿ ಒಬ್ಬ ಬೋಧಕರು ಮರಣಕ್ಕಿಂತ ಮುಂಚಿತವಾಗಿ ತಲಪುವ ದಾರಿಯನ್ನು ಹುಡುಕಿದರು. ನೆಲದ ಮೇಲೆ ಅದು ಸಿಕ್ಕದಿರಲು ಆಕಾಶದಲ್ಲಿ ಹುಡುಕಿದರು. ಆ ಜಾನ್ ಫ್ಲಿನ್ ಅಯ್ಯನವರ ಚರಿತ್ರೆಯನ್ನು ಈ ತಿಂಗಳು ನಮ್ಮ ಹಳ್ಳಿಯ ಸಭೆಗಳವರ ಮುಂದೆ ಇಡಲು ಅಪೇಕ್ಷಿಸುತ್ತೇವೆ.

೧. ಜನನವೂ ವಿದ್ಯೆಯೂ

ಫ್ಲಿನ್ ಅಯ್ಯನವರು ೧೮೮೦ನೆಯ ಇಸವಿ ನವೆಂಬರ್ ೨೫ರಂದು ಆಸ್ಟ್ರೇಲಿಯ ಖಂಡದ ವಿಕ್ಟೋರಿಯ ಸೀಮೆಗೆ ಸೇರಿದ ಮೊಲಿಯಾಗುಲ್ ಎಂಬ ಊರಲ್ಲಿ ಹುಟ್ಟಿದರು. ಆ ಊರಿನ ಸಮೀಪದಲ್ಲಿ ೧೮೬೯ರಲ್ಲಿ ಬಹು ದೊಡ್ಡ ಬಂಗಾರದ ಗಟ್ಟಿ ಸಿಕ್ಕಿದ್ದರಿಂದ ಅದರ ಹೆಸರು ಲೋಕದಲ್ಲೆಲ್ಲಾ ಹಬ್ಬಿತ್ತು. ಆದರೆ ಫ್ಲಿನ್ನರ ಮನೆಯಲ್ಲಿ ಬಂಗಾರವಿರಲಿಲ್ಲ. ತಂದೆಯು ಶಾಲೆಯ ಉಪಾಧ್ಯಾಯನು. ತಾಯಿಯು ಮಗನು ಇನ್ನೂ ಎಳೆಯವನಾಗಿರುವಾಗಲೇ ತೀರಿಕೊಂಡಳು. ಹೀಗೆ ತಾಯಿಲ್ಲದ ಮಗುವಾಗಿ ಬೆಳೆದವರು ಮುಂದೆ ದೂರದ ಬಯಲಿನಲ್ಲಿ ಒಂಟಿಯಾಗಿ ಹೆರುವ ತಾಯಂದಿರ ವಿಷಯದಲ್ಲಿ ಅಷ್ಟೊಂದು ಚಿಂತೆಯುಳ್ಳವರಾದದ್ದನ್ನು ನಾವು ನೆನಪಿನಲ್ಲಿಡತಕ್ಕದ್ದು.

ವಿದ್ಯಾಪೀಠಕ್ಕೆ ಹೋಗುವಷ್ಟು ಹಣವಿಲ್ಲದ ಕಾರಣ ಅವರು ೧೮೯೮ರಲ್ಲಿ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಸೇರಿದರು. ಫೋಟೋ ತೆಗೆಯುವದನ್ನೂ ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ಮಾಡುವದನ್ನೂ ಆ ಕಾಲದಲ್ಲೇ ಅಭ್ಯಾಸ ಮಾಡಿಕೊಂಡರು. ೧೯೦೩ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಸೇವೆಗೆ ತಮ್ಮನ್ನು ಒಪ್ಪಿಸಿಕೊಟ್ಟು, ಹೊರಗಿನ ಊರುಗಳಲ್ಲಿ ಉಪದೇಶಿಯ ಕೆಲಸವನ್ನು ಮಾಡುತ್ತಲೇ ಓದಿದರು. ೧೯೦೭ರಲ್ಲಿ ಮೆಲ್ಬರ್ನ್ ಪಟ್ಟಣದ ಆರ್ಮಂಡ್ ಕಾಲೇಜನ್ನು ಸೇರಿ ದೇವಜ್ಞಾನದ ಪಾಠಗಳನ್ನು ಕಲಿತರು. ರಜೆಯ ದಿನಗಳಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೂಲಿಗಳ ಬಿಡಾರಗಳಿಗೆ ಹೋಗಿ ಅವರೊಂದಿಗೆ ಇದ್ದು ಸೇವೆ ಮಾಡಿದರು. ಆ ಜನರು ಯಾವ ಸಹಾಯವೂ ಇಲ್ಲದೆ ಸಾಯುವದನ್ನು ಕಂಡು, ಅವರಿಗೋಸ್ಕರ ೧೯೧೦ರಲ್ಲಿ ಜೇಬಿನಲ್ಲಿಡತಕ್ಕ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿದರು. ಗಾಯಕ್ಕೆ ಕಟ್ಟು ಕಟ್ಟುವ ವಿಧವೂ, ಬೋಧಕನಿಲ್ಲದ ಕಡೆಯಲ್ಲಿ ಸತ್ತವರನ್ನು ಹೂಣಿಡುವ ಕ್ರಮವೂ ಮೊದಲಾದ ಉಪಯುಕ್ತ ಸಂಗತಿಗಳು ಅದರಲ್ಲಿದ್ದವು. ಕೂಲಿಯವನ ಜೇಬಿನಲ್ಲಿ ಇವೆರಡೂ ಒಟ್ಟಿಗೆ ಇರಬೇಕಾದ ದೇಶ ಎಂಥದೆಂದು ವಾಚಕರೇ ಊಹಿಸಿಕೊಳ್ಳಬಹುದು.

೨. ಒಳನಾಡಿನ ಸೇವೆ

೧೯೧೧ರಲ್ಲಿ ಅವರಿಗೆ ಬೋಧಕ ಪಟ್ಟವಾಯಿತು. ಸುಖವಾದ ಪಟ್ಟಣದ ಸಭೆಯನ್ನು ಅಪೇಕ್ಷಿಸದೆ, ಅವರು ದಕ್ಷಿಣ ಆಸ್ಟ್ರೇಲಿಯದ ಬರಡು ಬೆಟ್ಟಗಳ ನಡುವೆ ಇರುವ ಬೆಲ್ಟಾನ ಎಂಬ ಸ್ಥಳಕ್ಕೆ ಹೋದರು. ಅಲ್ಲಿಂದ ಉತ್ತರಕ್ಕೆ ಕಣ್ಣು ಹಾಯುವ ತನಕ ಕೆಂಪು ಮಣ್ಣು, ಮುಳ್ಳು ಪೊದೆ, ಬತ್ತಿದ ಹಳ್ಳಗಳು. ಒಂದು ದನದ ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ನೂರು ಮೈಲು. ದಾರಿಯ ಮೇಲೆ ಒಂಟೆಗಳ ಸಾಲನ್ನು ಬಿಟ್ಟರೆ ಬೇರೆ ಸಂಚಾರವು ಅಪರೂಪ.

ಸಭೆಯ ಹಿರಿಯರು ಉತ್ತರ ಸೀಮೆಯ ಸ್ಥಿತಿಯನ್ನು ನೋಡಿ ವರದಿ ಮಾಡಬೇಕೆಂದು ಅವರನ್ನು ನೇಮಿಸಿದರು. ೧೯೧೨ರಲ್ಲಿ ಫ್ಲಿನ್ ಅಯ್ಯನವರು ಕೊಟ್ಟ ವರದಿಯನ್ನು ಓದಿ, ಸಭೆಯವರು ಅದೇ ವರುಷ ಸೆಪ್ಟೆಂಬರ್ ತಿಂಗಳಲ್ಲಿ ಒಳನಾಡಿನ ಮಿಶನ್ನನ್ನು ಸ್ಥಾಪಿಸಿ, ವರದಿ ಕೊಟ್ಟವರನ್ನೇ ಅದರ ಮೇಲ್ವಿಚಾರಕರನ್ನಾಗಿ ಮಾಡಿದರು. ಆಗ ಪಶ್ಚಿಮ ಸೀಮೆಯ ೩ ಲಕ್ಷ ಚದರ ಕಿಲೋಮೀಟರಿಗೂ ಉತ್ತರ ಸೀಮೆಯ ೧೫ ಲಕ್ಷ ಚದರ ಕಿಲೋಮೀಟರಿಗೂ ಕೂಡಿ ಇಬ್ಬರೇ ಡಾಕ್ಟರು ಇದ್ದರು. ನಮ್ಮ ಕರ್ನಾಟಕದಂಥ ಒಂಬತ್ತು ರಾಜ್ಯಗಳಿಗೆ ಇಬ್ಬರು ಡಾಕ್ಟರೆಂದರೆ ವಾಚಕರಿಗೆ ಅದು ತಿಳಿದೀತು.

ಅವರು ದಾದಿಯರನ್ನು ಕರೆತಂದು ಒಂದೊಂದಾಗಿ ಚಿಕ್ಕ ಆಸ್ಪತ್ರೆಗಳನ್ನು ತೆರೆಸಿದರು. ಬೋಧಕರು ಒಂಟೆಗಳ ಮೇಲೆ ಹಟ್ಟಿಯಿಂದ ಹಟ್ಟಿಗೆ ಸಂಚರಿಸುವಂತೆ ಏರ್ಪಡಿಸಿದರು. ೧೯೧೩ರಿಂದ ಒಂದು ಪತ್ರಿಕೆಯನ್ನು ಹೊರಡಿಸಿ, ಒಳನಾಡಿನ ಸಂಕಟವನ್ನು ಚಿತ್ರಗಳೊಂದಿಗೆ ಪಟ್ಟಣದವರಿಗೆ ತಿಳಿಸಿದರು. ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿ ೧೯೨೬ರಲ್ಲಿ ತೆರೆದ ಆಸ್ಪತ್ರೆಗೆ ತಾವೇ ನಕ್ಷೆ ತೆಗೆದು, ನೆಲದ ಕೆಳಗಿನ ಸುರಂಗದಲ್ಲಿ ಒದ್ದೆ ಗೋಣಿಯ ಮೂಲಕ ಗಾಳಿಯು ತಣ್ಣಗಾಗಿ ಮೇಲಕ್ಕೆ ಏರುವ ಉಪಾಯವನ್ನು ಮಾಡಿದರು. ಇಷ್ಟಾದಾಗ್ಯೂ ಆಸ್ಪತ್ರೆಯಿಂದ ಮುನ್ನೂರು ಮೈಲು ಆಚೆಗೆ ಬಿದ್ದವನಿಗೆ ಆ ತಣ್ಣನೆಯ ಗಾಳಿಯಿಂದ ಏನೂ ಪ್ರಯೋಜನವಾಗಲಿಲ್ಲ.

೩. ತಡವಾಗಿ ಬಂದ ಡಾಕ್ಟರು

೧೯೧೭ರಲ್ಲಿ ನಡೆದ ಒಂದು ಸಂಗತಿಯು ಆ ದೇಶದವರ ಹೃದಯವನ್ನು ಬಹಳವಾಗಿ ಕಲಕಿತು. ಜಿಮ್ಮಿ ಡಾರ್ಸಿ ಎಂಬ ಯೌವನಸ್ಥನಾದ ದನಗಾಹಿಯು ಪಶ್ಚಿಮ ಸೀಮೆಯ ರೂಬಿ ಪ್ಲೇನ್ಸ್ ಎಂಬಲ್ಲಿ ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ಪೆಟ್ಟು ತಿಂದನು. ಜೊತೆಯವರು ಅವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಅನೇಕ ತಾಸು ಪ್ರಯಾಣಮಾಡಿ ಹಾಲ್ಸ್ ಕ್ರೀಕ್ ಎಂಬ ಚಿಕ್ಕ ಊರಿಗೆ ತಂದರು. ಅಲ್ಲಿ ಡಾಕ್ಟರಿರಲಿಲ್ಲ. ಟಕೆಟ್ ಎಂಬ ಪೋಸ್ಟ್ ಮಾಸ್ತರನಿಗೆ ಪ್ರಥಮ ಚಿಕಿತ್ಸೆ ಮಾತ್ರ ಗೊತ್ತಿತ್ತು. ಅವನು ಸಾವಿರ ಮೈಲಿಗೂ ಮೀರಿದ ದೂರದಲ್ಲಿದ್ದ ಪರ್ತ್ ಪಟ್ಟಣಕ್ಕೆ ತಂತಿ ಕೊಟ್ಟು, ತನಗೆ ಮೊದಲು ಪಾಠ ಹೇಳಿದ್ದ ಹಾಲೆಂಡ್ ಡಾಕ್ಟರನ್ನು ಕರೆದನು. ಡಾಕ್ಟರು ಲಕ್ಷಣಗಳನ್ನು ಕೇಳಿ ತಿಳಿದು, ಮೂತ್ರಕೋಶವು ಒಡೆದಿರುವದರಿಂದ ತಡಮಾಡದೆ ಕೊಯ್ಯಬೇಕೆಂದು ತಂತಿಯಲ್ಲೇ ಅಪ್ಪಣೆ ಕೊಟ್ಟರು. ಪೋಸ್ಟ್ ಮಾಸ್ತರನು ನಡುಗುತ್ತಾ, ಒಂದು ಚಾಕುವನ್ನೂ ಕ್ಷೌರದ ಕತ್ತಿಯನ್ನೂ ಹಿಡಿದು, ತಂತಿಯಿಂದ ಬರುವ ಒಂದೊಂದು ಮಾತಿನಂತೆ ಆ ಕೆಲಸವನ್ನು ಮಾಡಿ ಮುಗಿಸಿದನು.

ಹಾಲೆಂಡ್ ಡಾಕ್ಟರು ಸುಮ್ಮನೆ ಕೂತಿರಲಿಲ್ಲ. ದನಗಳನ್ನು ಸಾಗಿಸುವ ಹಡಗನ್ನು ಹತ್ತಿ ಸಮುದ್ರದ ಮೇಲೆ ಡರ್ಬಿ ರೇವಿಗೆ ಬಂದು, ಅಲ್ಲಿಂದ ಮುನ್ನೂರು ಮೈಲಿಗೂ ಹೆಚ್ಚಾದ ದಾರಿಯನ್ನು ಮೋಟಾರಿನಲ್ಲಿ ಹಿಡಿದರು. ಮೋಟಾರು ನಿಂತುಹೋಗಲು ಮುಂದಿನ ದಾರಿಯನ್ನು ಬೇರೆ ವಿಧವಾಗಿ ಸಾಗಿಸಿ ಹಾಲ್ಸ್ ಕ್ರೀಕಿಗೆ ಮುಟ್ಟಿದರು. ಡಾರ್ಸಿಯು ಹಿಂದಿನ ದಿನವೇ ಸತ್ತಿದ್ದನು. ಪೋಸ್ಟ್ ಮಾಸ್ತರನ ಕೈಕೆಲಸದಲ್ಲಿ ತಪ್ಪು ಕಾಣಲಿಲ್ಲ. ಚಳಿಜ್ವರವೂ ಬೇರೆ ರೋಗವೂ ಕೂಡಿ ಅವನನ್ನು ಒಯ್ದಿದ್ದವು. ಅವನ ಬಳಿಯಲ್ಲಿದ್ದವರು ಧೈರ್ಯವುಳ್ಳವರು, ಕರೆ ಕೇಳಿದವರು ದಯೆಯುಳ್ಳವರು. ದಯೆಯೂ ಧೈರ್ಯವೂ ಎರಡೂ ಇದ್ದಾಗ್ಯೂ ದಾರಿ ಇಲ್ಲದ ಕಾರಣ ಒಬ್ಬ ಮನುಷ್ಯನು ಸತ್ತನು. ಈ ವಾರ್ತೆಯು ಫ್ಲಿನ್ ಅಯ್ಯನವರ ಯೋಚನೆಯನ್ನು ಇನ್ನಷ್ಟು ಗಟ್ಟಿಮಾಡಿತು.

೪. ಒಬ್ಬ ಯೌವನಸ್ಥನ ಕಾಗದ

ಅದೇ ೧೯೧೭ನೆಯ ವರುಷ, ಯುದ್ಧಕ್ಕೆ ಹೋಗುತ್ತಿದ್ದ ಕ್ಲಿಫರ್ಡ್ ಪೀಲ್ ಎಂಬ ಯೌವನಸ್ಥನಿಂದ ಅವರಿಗೆ ಒಂದು ಕಾಗದ ಬಂತು. ಈತನು ವೈದ್ಯಶಾಸ್ತ್ರ ಓದುತ್ತಿದ್ದವನು. ಓದನ್ನು ಬಿಟ್ಟು ಸೈನ್ಯದಲ್ಲಿ ವಿಮಾನ ನಡಿಸುವ ಕೆಲಸಕ್ಕೆ ಸೇರಿದ್ದನು. ಒಳನಾಡಿನಲ್ಲಿ ಡಾಕ್ಟರನನ್ನು ವಿಮಾನದಲ್ಲಿ ಕಳುಹಿಸಬಹುದೆಂದೂ, ಯಾವ ಊರುಗಳನ್ನು ನೆಲೆಗಳನ್ನಾಗಿ ಮಾಡಬೇಕೆಂದೂ, ಎಷ್ಟು ಖರ್ಚು ಬಿದ್ದೀತೆಂದೂ ಅವನು ಲೆಕ್ಕ ಹಾಕಿ ಬರೆದಿದ್ದನು. ಫ್ಲಿನ್ ಅಯ್ಯನವರು ಆ ಕಾಗದವನ್ನು ೧೯೧೮ರಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರುಷ ಸೆಪ್ಟೆಂಬರ್ ತಿಂಗಳಲ್ಲಿ ಪೀಲನು ಫ್ರಾನ್ಸ್ ದೇಶದ ಮೇಲೆ ಹಾರುತ್ತಿರುವಾಗ ಸತ್ತನು. ತಾನು ಬಿತ್ತಿದ ಬೀಜದ ಮೊಳಕೆಯನ್ನು ಅವನು ನೋಡಲಿಲ್ಲ.

ಆ ಕಾಲದಲ್ಲಿ ವಿಮಾನವೆಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಯಂತ್ರ. ಅದರಲ್ಲಿ ರೋಗಿಯನ್ನು ಕೂರಿಸುವದು ಹುಚ್ಚುತನವೆಂದು ಅನೇಕರು ಎಣಿಸಿದರು. ಫ್ಲಿನ್ ಅಯ್ಯನವರು ವಾದಮಾಡಿ ಯಾರನ್ನೂ ಗೆಲ್ಲಲಿಲ್ಲ. ಊರಿಂದೂರಿಗೆ ಹೋಗಿ, ಪಟ್ಟಣದ ಧನಿಕರ ಮನೆಗಳಲ್ಲಿ ಕೂತು, ನಕ್ಷೆಯನ್ನು ಹರಡಿ, ಹತ್ತು ವರುಷ ಅದೇ ಮಾತನ್ನು ತಾಳ್ಮೆಯಿಂದ ಹೇಳುತ್ತಾ ಬಂದರು. ಕಡೆಗೆ ಬೇಸಾಯದ ಯಂತ್ರಗಳನ್ನು ಮಾಡಿಸುತ್ತಿದ್ದ ಮೆಕೇ ಎಂಬ ದೊಡ್ಡ ವರ್ತಕನು ಸಾಯುವಾಗ ಈ ಪ್ರಯತ್ನಕ್ಕೋಸ್ಕರ ೨೦೦೦ ಪೌಂಡುಗಳನ್ನು ಬರೆದಿಟ್ಟನು. ಆಗ ಕೆಲಸಕ್ಕೆ ಕಾಲು ಬಂತು.

೫. ಮೂಕ ಬಯಲಿಗೆ ಬಾಯಿ

ವಿಮಾನ ಸಿಕ್ಕಿದರೂ ಇನ್ನೊಂದು ತೊಡಕು ಉಳಿದಿತ್ತು. ಕರೆಯುವದು ಹೇಗೆ? ಹಟ್ಟಿಗಳಲ್ಲಿ ತಂತಿಯೂ ಇಲ್ಲ, ಟೆಲಿಫೋನೂ ಇಲ್ಲ. ಕುದುರೆ ಸವಾರನು ಮೂರು ದಿನ ಓಡಿ ತಂತಿಯ ಮನೆಗೆ ಮುಟ್ಟಿದ ಮೇಲೆ ವಿಮಾನವು ಮೂರು ತಾಸಿನಲ್ಲಿ ಬಂದರೆ ಫಲವೇನು? ಆದಕಾರಣ ಅಯ್ಯನವರು ನಿಸ್ತಂತು ಯಂತ್ರದ ಕಡೆಗೆ ಮನಸ್ಸು ಕೊಟ್ಟರು. ಆದರೆ ಅದಕ್ಕೆ ವಿದ್ಯುಚ್ಛಕ್ತಿ ಬೇಕು. ಮೊದಲು ಮೋಟಾರಿನ ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಅದನ್ನು ತಿರುಗಿಸಿ ಶಕ್ತಿಯನ್ನು ಪಡೆಯುವ ಪರೀಕ್ಷೆಗಳಾದವು. ಪ್ರತಿಯೊಂದು ಹಟ್ಟಿಯಲ್ಲಿ ಇದು ನಡೆಯತಕ್ಕದ್ದಾಗಿರಲಿಲ್ಲ.

ಅಡಿಲೇಡ್ ಪಟ್ಟಣದ ಆಲ್ಫ್ರೆಡ್ ಟ್ರೇಗರ್ ಎಂಬ ಶಾಂತ ಸ್ವಭಾವದ ಇಂಜಿನಿಯರನನ್ನು ಅವರು ಈ ಕೆಲಸಕ್ಕೆ ಕರೆದರು. ೧೯೨೬ರಲ್ಲಿ ಇಬ್ಬರೂ ಆಲಿಸ್ ಸ್ಪ್ರಿಂಗ್ಸಿಗೂ ಹತ್ತಿರದ ಹರ್ಮನ್ಸ್‌ಬರ್ಗ್ ಎಂಬ ಲೂಥರನ್ ಮಿಶನ್ ಸ್ಥಾನಕ್ಕೂ ಹೋಗಿ ಪರೀಕ್ಷೆ ಮಾಡಿದರು. ತರುವಾಯ ಟ್ರೇಗರನು ಬೈಸಿಕಲ್ಲಿನ ಪೆಡಲುಗಳಿಂದ ತಿರುಗುವ ಚಿಕ್ಕ ಯಂತ್ರವನ್ನು ಕಲ್ಪಿಸಿದನು. ಮನುಷ್ಯನು ಕುರ್ಚಿಯ ಮೇಲೆ ಕೂತು ಸುಲಭವಾಗಿ ಪೆಡಲು ತುಳಿದರೆ ಸುಮಾರು ೩೦೦ ವೋಲ್ಟ್ ಒತ್ತಡದಲ್ಲಿ ೨೦ ವಾಟ್ ಶಕ್ತಿ ಹುಟ್ಟುತ್ತಿತ್ತು. ಕಾಲು ತುಳಿಯುವಾಗ ಕೈಗಳೆರಡೂ ಸಂಜ್ಞೆ ಕಳುಹಿಸಲು ಬಿಡುವಾಗಿದ್ದವು. ೧೯೨೯ರಲ್ಲಿ ಮೊದಲನೆಯ ಯಂತ್ರಗಳು ಹಟ್ಟಿಗಳಿಗೆ ಹೋದವು. ಚುಕ್ಕೆ ಗೆರೆಗಳ ಮೋರ್ಸ್ ಸಂಜ್ಞೆ ಕಲಿಯುವದು ಹಟ್ಟಿಯ ಹೆಂಗಸರಿಗೆ ಕಷ್ಟವಾದದ್ದರಿಂದ, ಟ್ರೇಗರನು ಅಕ್ಷರದ ಕೀಲಿಯನ್ನು ಒತ್ತಿದರೆ ಸಂಜ್ಞೆ ತಾನಾಗಿ ಹೋಗುವ ಯಂತ್ರವನ್ನೂ ಮಾಡಿದನು. ಕೆಲವು ವರುಷಗಳಲ್ಲಿ ಬಾಯಿಮಾತೇ ಹೋಗುವಂತಾಯಿತು. ತಿಂಗಳುಗಟ್ಟಲೆ ಇನ್ನೊಬ್ಬ ಹೆಂಗಸಿನ ಸ್ವರವನ್ನು ಕೇಳದಿದ್ದವರು ಈಗ ಗೊತ್ತಾದ ವೇಳೆಯಲ್ಲಿ ನೆರೆಯವರಂತೆ ಕ್ಷೇಮಸಮಾಚಾರ ಕೇಳಿಕೊಳ್ಳುವವರಾದರು.

೬. ಮೊದಲನೆಯ ಹಾರಾಟ

ಕ್ವೀನ್ಸ್‌ಲೆಂಡ್ ಸೀಮೆಯ ಕ್ಲಾಂಕರಿ ಎಂಬ ಊರನ್ನು ನೆಲೆಯನ್ನಾಗಿ ಆರಿಸಿಕೊಂಡರು. ಕ್ವಾಂಟಾಸ್ ಎಂಬ ವಿಮಾನ ಸಂಘದವರು ಮೈಲಿಗೆ ೨ ಶಿಲಿಂಗಿನಂತೆ ಬಾಡಿಗೆಗೆ ಒಂದು ವಿಮಾನವನ್ನೂ ಅದನ್ನು ನಡಿಸುವವನನ್ನೂ ಕೊಡಲು ಒಪ್ಪಿದರು. ವಿಮಾನಕ್ಕೆ ಜಯವೆಂಬ ಅರ್ಥವುಳ್ಳ ವಿಕ್ಟರಿ ಎಂಬ ಹೆಸರಾಯಿತು. ಸೇಂಟ್ ವಿನ್ಸೆಂಟ್ ವೆಲ್ಚ್ ಎಂಬವರು ಡಾಕ್ಟರು, ಆರ್ಥರ್ ಅಫ್ಲೆಕ್ ಎಂಬವರು ಚಾಲಕರು. ೧೯೨೮ನೆಯ ಇಸವಿ ಮೇ ೧೭ರಂದು ಈ ಇಬ್ಬರೂ ಕ್ಲಾಂಕರಿಯಿಂದ ಹೊರಟು ಸುಮಾರು ೮೫ ಮೈಲು ದೂರದ ಜೂಲಿಯಾ ಕ್ರೀಕ್ ಎಂಬ ಊರಲ್ಲಿ ಇಳಿದರು. ನೂರಕ್ಕೂ ಹೆಚ್ಚು ಜನರು ಕೂಡಿ ಅವರನ್ನು ಎದುರುಗೊಂಡರು. ಮೊದಲನೆಯ ವರುಷದಲ್ಲೇ ಆ ಸೇವೆಯವರು ೫೦ ಸಾರಿ ಹಾರಿ, ಸುಮಾರು ೨೦,೦೦೦ ಮೈಲು ಸಂಚರಿಸಿ, ೨೨೫ ರೋಗಿಗಳಿಗೆ ಚಿಕಿತ್ಸೆ ಮಾಡಿದರು.

ಹಾರಾಟವನ್ನು ಕಂಡವರು ಬೆರಗಾದರು. ಆದರೆ ಹಾರಾಟಕ್ಕಿಂತ ಮುಂಚಿನ ಸಿದ್ಧತೆಯನ್ನು ಕಂಡವರು ಸ್ವಲ್ಪ ಜನ. ಅದನ್ನೇ ನಾವು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

೭. ಕರೆಗೆ ಮುಂಚಿನ ಕೆಲಸ

ವಿಕ್ಟರಿಯಲ್ಲಿ ಚಾಲಕನ ಪೀಠವು ಹಿಂಭಾಗದಲ್ಲಿ ಗಾಳಿ ಬಿಸಿಲಿಗೆ ತೆರೆದಿತ್ತು. ವೇಗವು ತಾಸಿಗೆ ೮೦ ಮೈಲು. ದಾರಿ ತೋರಿಸಲು ದಿಕ್ಸೂಚಿಯ ಹೊರತು ಬೇರೆ ಸಾಧನವಿಲ್ಲ. ವಿಮಾನದಲ್ಲಿ ನಿಸ್ತಂತುವೂ ಇಲ್ಲ. ಕೆಳಗೆ ಕಾಣುವ ಹಳ್ಳ, ಬೇಲಿ, ತಂತಿಯ ಕಂಬ, ಬಂಡಿಯ ಜಾಡು ಇವೇ ಗುರುತುಗಳು. ಆದಕಾರಣ ಚಾಲಕನು ಕರೆ ಬರುವ ಮೊದಲೇ ಆ ಸೀಮೆಯನ್ನು ಕಲಿತಿರಬೇಕಾಗಿತ್ತು. ದೂರದ ಪ್ರಯಾಣಕ್ಕೆ ಎಣ್ಣೆಯನ್ನು ಮುಂಚಿತವಾಗಿ ದಾರಿಯ ಸ್ಥಳಗಳಲ್ಲಿ ಕೂಡಿಸಿಡಬೇಕಾಗಿತ್ತು. ಹಗಲಿನಲ್ಲಿ ಹಾರುವದು ವಾಡಿಕೆ. ಪ್ರಾಣದ ಪ್ರಶ್ನೆ ಬಂದರೆ ಮಾತ್ರ ರಾತ್ರಿಯಲ್ಲಿ ಹಾರುತ್ತಿದ್ದರು.

ಸಿದ್ಧತೆಯ ಅರ್ಧವು ನೆಲದವರ ಕೈಯಲ್ಲಿತ್ತು. ಹಟ್ಟಿಯವರು ಮರದ ಬೊಡ್ಡೆಗಳನ್ನು ಕಿತ್ತು, ಗೆದ್ದಲಿನ ಹುತ್ತಗಳನ್ನು ಕೆಡವಿ, ಗುಂಡಿಗಳನ್ನು ಮುಚ್ಚಿ, ವಿಮಾನ ಇಳಿಯುವ ಬಯಲನ್ನು ಸಮಮಾಡಿ ಇಟ್ಟಿರಬೇಕು. ವಿಮಾನ ಬರುವ ಹೊತ್ತಿಗೆ ದನಗಳನ್ನೂ ಕಾಂಗರೂಗಳನ್ನೂ ಅಟ್ಟಿಬಿಡಬೇಕು. ಗಾಳಿಯ ದಿಕ್ಕು ಮೇಲಿನವನಿಗೆ ತಿಳಿಯುವಂತೆ ಹೊಗೆ ಹಾಕಬೇಕು. ಕತ್ತಲೆಯಾಗಿದ್ದರೆ ಬಯಲಿನ ಎರಡು ಪಕ್ಕದಲ್ಲೂ ದೀಪಗಳನ್ನು ಸಾಲಾಗಿ ಹಚ್ಚಬೇಕು. ದೀಪಕ್ಕೆ ಎಣ್ಣೆ ಮುಂಚೆಯೇ ತುಂಬಿರದಿದ್ದರೆ ಡಾಕ್ಟರನು ತಲೆಯ ಮೇಲೆಯೇ ಸುತ್ತಿ ಹಿಂತಿರುಗಬೇಕಾದೀತು. ಎಣ್ಣೆಯಿಲ್ಲದ ದೀಪದೊಂದಿಗೆ ಕಾದಿದ್ದ ಕನ್ನಿಕೆಯರ ಸಾಮ್ಯವನ್ನು ಬಲ್ಲ ನಮ್ಮ ವಾಚಕರಿಗೆ ಇದಕ್ಕಿಂತ ಹೆಚ್ಚಾಗಿ ಹೇಳಬೇಕಾಗಿಲ್ಲ.

ಹಟ್ಟಿಯ ಮನೆಯೊಳಗೂ ಸಿದ್ಧತೆ ಇತ್ತು. ೧೯೪೨ರಿಂದ ಪ್ರತಿಯೊಂದು ದೂರದ ಸ್ಥಳಕ್ಕೆ ಒಂದೇ ವಿಧವಾದ ಔಷಧದ ಪೆಟ್ಟಿಗೆಗಳನ್ನು ಕೊಟ್ಟರು. ಔಷಧಗಳ ಕಠಿಣ ಹೆಸರುಗಳಿಗೆ ಬದಲಾಗಿ ಸೀಸೆಗಳ ಮೇಲೆ ಅಂಕೆಗಳನ್ನು ಬರೆದಿದ್ದರು. ಮನುಷ್ಯ ಶರೀರದ ಚಿತ್ರವನ್ನು ಭಾಗಮಾಡಿ ಅದಕ್ಕೂ ಅಂಕೆ ಹಾಕಿದ್ದರು. ತಾಯಿಯು ನಿಸ್ತಂತುವಿನಲ್ಲಿ ಮಗುವಿಗೆ ಇಂಥ ಅಂಕೆಯ ಸ್ಥಳದಲ್ಲಿ ನೋವೆಂದು ಹೇಳುವಳು. ಡಾಕ್ಟರು ಇಂಥ ಅಂಕೆಯ ಸೀಸೆಯಿಂದ ಇಷ್ಟು ಕೊಡೆಂದು ಹೇಳುವರು. ಹೀಗೆ ಅನೇಕ ಸಾರಿ ಹಾರುವ ಅಗತ್ಯವೇ ಬೀಳುತ್ತಿರಲಿಲ್ಲ. ರಾತ್ರಿಯಲ್ಲಿ ನೆಲೆಯವರು ನಿದ್ರಿಸುವಾಗ ಕರೆಯಬೇಕಾದರೆ, ಯಂತ್ರದ ಮುಂದೆ ಒಂದು ಸೀಟಿಯನ್ನು ಊದಿದರೆ ನೆಲೆಯಲ್ಲಿ ಗಂಟೆ ಬಾರಿಸುವ ಉಪಾಯವನ್ನೂ ಟ್ರೇಗರನು ಮಾಡಿಕೊಟ್ಟಿದ್ದನು.

ಹೆಲಿಕಾಪ್ಟರ್ ಎಂಬ, ತಲೆಯ ಮೇಲೆ ರೆಕ್ಕೆ ತಿರುಗುವ ವಿಮಾನಗಳು ಈಗ ಅನೇಕ ದೇಶಗಳಲ್ಲಿ ಇದೇ ಸೇವೆಯನ್ನು ಮಾಡುತ್ತವೆ. ಅವುಗಳಿಗೆ ಉದ್ದವಾದ ಬಯಲು ಬೇಡ. ಗುಡ್ಡದ ಮೇಲೂ ರಸ್ತೆಯ ಮೇಲೂ ಇಳಿಯಬಲ್ಲವು. ಅವುಗಳ ಸೇವಕರ ಪದ್ಧತಿಯಲ್ಲಿ ಮೂರು ಸಂಗತಿಗಳು ನಮ್ಮ ಮನಸ್ಸನ್ನು ಹಿಡಿದವು. ಮೊದಲನೆಯದು, ಅವರ ಕೆಲಸವು ಕರೆಯಿಂದ ಪ್ರಾರಂಭವಾಗುವದಿಲ್ಲ, ಪಾಳಿಯ ಮೊದಲನೆಯ ಗಳಿಗೆಯಿಂದ ಪ್ರಾರಂಭವಾಗುವದು. ಬಂದ ಕೂಡಲೆ ಚಾಲಕನು ಯಂತ್ರವನ್ನು ಸುತ್ತಿ ನೋಡಿ, ಎಣ್ಣೆಯನ್ನು ಅಳೆದು, ಮೋಡ ಗಾಳಿಗಳ ವರ್ತಮಾನವನ್ನು ಓದುವನು. ದಾದಿಯೂ ಡಾಕ್ಟರನೂ ಆಮ್ಲಜನಕ, ಔಷಧ, ಡೋಲಿ, ಉಸಿರಾಟದ ಯಂತ್ರ ಇವುಗಳನ್ನು ಒಂದೊಂದಾಗಿ ಎಣಿಸಿ ಪಟ್ಟಿಗೆ ಸರಿನೋಡುವರು. ನಿನ್ನೆ ಸರಿಯಾಗಿತ್ತೆಂಬ ಮಾತು ಅಲ್ಲಿ ಸಲ್ಲದು.

ಎರಡನೆಯದು ಇನ್ನೂ ಆಶ್ಚರ್ಯಕರವಾದದ್ದು. ಅನೇಕ ಕಡೆಗಳಲ್ಲಿ, ಹಾರಬಹುದೋ ಹಾರಬಾರದೋ ಎಂದು ಚಾಲಕನು ನಿರ್ಣಯಿಸುವ ತನಕ ರೋಗಿಯು ಯಾರೆಂದೂ ರೋಗವೇನೆಂದೂ ಅವನಿಗೆ ತಿಳಿಸುವದಿಲ್ಲ. ಎಲ್ಲಿಗೆ ಹೋಗಬೇಕೆಂದು ಮಾತ್ರ ಹೇಳುವರು. ಸಾಯುತ್ತಿರುವದು ಎಳೆಯ ಮಗುವೆಂದು ಕೇಳಿದರೆ ಕರುಣೆಯು ಅವನ ಕಣ್ಣಿಗೆ ಪರದೆಯಾಗಿ, ಹಾರಬಾರದ ಮಂಜಿನಲ್ಲಿ ಹಾರಿಸೀತು; ಆಗ ಒಂದು ಪ್ರಾಣಕ್ಕೋಸ್ಕರ ನಾಲ್ಕು ಪ್ರಾಣಗಳು ಹೋದಾವು. ಹೀಗೆ ಮುಂಚೆ ಸಂಭವಿಸಿದ್ದರಿಂದಲೇ ಈ ಕಟ್ಟಳೆಯು ಬಂತು. ಮೂರನೆಯದು, ಹೋಗಬೇಕಾದರೆ ಎಲ್ಲರ ಒಪ್ಪಿಗೆ ಬೇಕು; ಅವರಲ್ಲಿ ಅತಿ ಕಿರಿಯಳಾದ ದಾದಿಯು ಬೇಡವೆಂದರೂ ಸಾಕು, ಹಾರಾಟವು ನಿಲ್ಲುವದು. ಅದಕ್ಕಾಗಿ ಅವಳನ್ನು ಯಾರೂ ಗದರಿಸುವದಿಲ್ಲ. ಸಭೆಯ ಪಂಚಾಯಿತಿಗಳಲ್ಲಿ ಹಿರಿಯರ ಧ್ವನಿಯನ್ನು ಮಾತ್ರ ಕೇಳುವ ನಮಗೆ ಇದರಲ್ಲಿ ಕಲಿಯತಕ್ಕದ್ದು ಉಂಟು.

೮. ಕೊರತೆಯೂ ಕಡೆಯ ದಿನಗಳೂ

ಸತ್ತವರ ಚರಿತ್ರೆಯನ್ನು ಬರೆಯುವಾಗ ಒಳ್ಳೆಯದನ್ನು ಮಾತ್ರ ಬರೆದರೆ ಅದು ಸಾಕ್ಷಿಯಾಗದು. ಫ್ಲಿನ್ ಅಯ್ಯನವರ ಚಿಂತೆಯೆಲ್ಲಾ ಮುಖ್ಯವಾಗಿ ಒಳನಾಡಿಗೆ ಬಂದು ನೆಲೆಸಿದ ಬಿಳಿಯರ ಮೇಲೆ ಇತ್ತು. ಸಾವಿರಾರು ವರುಷಗಳಿಂದ ಆ ನೆಲದಲ್ಲೇ ವಾಸಿಸಿದ ಮೂಲನಿವಾಸಿಗಳನ್ನು ಅವರ ಮಿಶನ್ನು ಬಹು ಕಾಲ ಬೇರೆಯವರ ಪಾಲಿಗೆ ಬಿಟ್ಟಿತು. ಅವರ ಜೀವಿತಕಾಲದಲ್ಲೇ ಕೆಲವರು ಇದನ್ನು ಎತ್ತಿ ತೋರಿಸಿದರು. ಬೆಲ್ಟಾನದ ಸೇವೆಗೆ ಹಣವಿಟ್ಟ ಸ್ಕಾಟ್ಲೆಂಡಿನ ಸ್ಮಿತ್ ಎಂಬ ಭಕ್ತೆಯು ಆ ಹಣವನ್ನು ಮೂಲನಿವಾಸಿಗಳ ವಿದ್ಯೆಗೂ ಉಪದೇಶಕ್ಕೂ ಕೊಟ್ಟಿದ್ದಳೆಂಬದನ್ನು ನೆನಸುವಾಗ ಈ ಕೊರತೆಯು ಹೆಚ್ಚು ನೋವುಂಟುಮಾಡುತ್ತದೆ. ಯಾರು ನಮ್ಮ ನೆರೆಯವರೆಂಬ ಪ್ರಶ್ನೆಗೆ ದೊಡ್ಡ ಸೇವಕರೂ ಅರ್ಧ ಉತ್ತರವನ್ನು ಕೊಟ್ಟು ನಿಂತುಬಿಡಬಹುದು. ಊರ ಹೊರಗೆ ನಿಲ್ಲಿಸಲ್ಪಡುವದು ಎಂಥದೆಂದು ಹಿರಿಯರಿಂದ ಕೇಳಿ ಬಲ್ಲ ನಮ್ಮ ಸಭೆಗಳವರು ಇದನ್ನು ಹಗುರವಾಗಿ ಓದಲಾರರು.

ಅವರು ೧೯೩೨ರಲ್ಲಿ ತಮ್ಮ ಕಚೇರಿಯ ಕೆಲಸದಲ್ಲಿ ಬಹುಕಾಲ ಸಹಾಯ ಮಾಡಿದ್ದ ಜೀನ್ ಬೇರ್ಡ್ ಎಂಬಾಕೆಯನ್ನು ಮದುವೆಯಾದರು. ಆಗ ಅವರಿಗೆ ೫೧ ವರುಷ. ಆ ಕಾಲದಲ್ಲಿ ದೇಶದಲ್ಲೆಲ್ಲಾ ಹಣದ ಮುಗ್ಗಟ್ಟು ಇದ್ದದರಿಂದ ವಿಮಾನ ಸೇವೆಯು ನಿಲ್ಲುವಂತೆ ತೋರಿತು. ಸಭೆಯೊಂದೇ ಇಷ್ಟು ದೊಡ್ಡ ಭಾರವನ್ನು ಹೊರಲಾರದೆಂದು ಕಂಡು, ಫ್ಲಿನ್ ಅಯ್ಯನವರು ತಾವು ಹುಟ್ಟಿಸಿದ ಕೆಲಸವನ್ನು ದೇಶದವರೆಲ್ಲರ ಕೈಗೆ ಒಪ್ಪಿಸಲು ಒಪ್ಪಿದರು. ಹೀಗೆ ೧೯೩೦ರ ದಶಕದಲ್ಲಿ ಬೇರೆ ಬೇರೆ ಸೀಮೆಗಳಲ್ಲಿ ನೆಲೆಗಳು ಎದ್ದವು. ತನ್ನದೆಂದು ಹಿಡಿದುಕೊಳ್ಳದೆ ಬಿಟ್ಟುಕೊಟ್ಟದ್ದರಿಂದಲೇ ಅದು ಬದುಕಿತು. ೧೯೩೯ರಿಂದ ೧೯೪೨ರ ವರೆಗೆ ಅವರು ಆಸ್ಟ್ರೇಲಿಯದ ಪ್ರೆಸ್ಬಿಟೇರಿಯನ್ ಸಭೆಯ ಅತ್ಯುನ್ನತ ಅಧ್ಯಕ್ಷ ಪದವಿಯಲ್ಲಿದ್ದರು. ೧೯೫೧ನೆಯ ಇಸವಿ ಮೇ ೫ರಂದು ಸಿಡ್ನಿ ಪಟ್ಟಣದಲ್ಲಿ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ನಿದ್ರೆಹೋದರು. ಅವರ ಬೂದಿಯನ್ನು ಆಲಿಸ್ ಸ್ಪ್ರಿಂಗ್ಸಿನ ಸಮೀಪದಲ್ಲಿ ಗಿಲೆನ್ ಬೆಟ್ಟದ ತಪ್ಪಲಲ್ಲಿ ಇಟ್ಟರು.

ಆ ಸಮಾಧಿಯ ಮೇಲೆ ಒಂದು ದೊಡ್ಡ ದುಂಡು ಬಂಡೆಯನ್ನು ದೂರದ ಸ್ಥಳದಿಂದ ತಂದು ಇಟ್ಟರು. ಆ ಬಂಡೆಯು ಕಾರ್ಲು ಕಾರ್ಲು ಎಂಬ, ಮೂಲನಿವಾಸಿಗಳಿಗೆ ಪವಿತ್ರವಾದ ಸ್ಥಳದ್ದು; ಅವರನ್ನು ಕೇಳದೆ ತಂದದ್ದು. ಅವರು ಅದನ್ನು ಹಿಂದಕ್ಕೆ ಕೊಡಬೇಕೆಂದು ಬೇಡಿಕೊಂಡರು. ಅನೇಕ ವರುಷಗಳ ಮಾತುಕತೆಯಾದ ಮೇಲೆ ೧೯೯೯ರಲ್ಲಿ ಆ ಬಂಡೆಯು ತನ್ನ ಸ್ಥಳಕ್ಕೆ ಹಿಂತಿರುಗಿತು. ಸಮಾಧಿಯು ಬರಿದಾಗಿ ಉಳಿಯಬಾರದೆಂದು ಆಲಿಸ್ ಸ್ಪ್ರಿಂಗ್ಸಿನ ಅರ್ರೆಂಟೆ ಎಂಬ ಮೂಲನಿವಾಸಿಗಳು ತಮ್ಮ ನೆಲದ ಒಂದು ಬಂಡೆಯನ್ನು ಕೊಟ್ಟರು. ಯಾರನ್ನು ಅವರು ಸಾಕಷ್ಟು ನೆನಸಲಿಲ್ಲವೋ ಆ ಜನರೇ ಕೊಟ್ಟ ಕಲ್ಲು ಈಗ ಅವರ ಮೇಲೆ ಇದೆ. ಇದಕ್ಕಿಂತ ಮೃದುವಾದ ಗದರಿಕೆಯನ್ನೂ ಇದಕ್ಕಿಂತ ದೊಡ್ಡ ಕ್ಷಮೆಯನ್ನೂ ನಾವು ಬಹಳ ಕಡೆಗಳಲ್ಲಿ ಕಂಡಿಲ್ಲ.

೯. ನಮಗಿರುವ ಮಾತು

ಅವರ ಮುಖವು ೧೯೯೪ರಿಂದ ಆ ದೇಶದ ೨೦ ಡಾಲರಿನ ನೋಟಿನ ಮೇಲೆ ಅಚ್ಚಾಗುತ್ತಿದೆ. ವಿಮಾನ ಸೇವೆಯು ಇಂದೂ ನಡೆಯುತ್ತಿದ್ದು, ಬಿಳಿಯರನ್ನೂ ಮೂಲನಿವಾಸಿಗಳನ್ನೂ ಭೇದವಿಲ್ಲದೆ ಹೊತ್ತು ತರುತ್ತದೆ. ನಮ್ಮ ಹಳ್ಳಿಗಳಿಗೆ ವಿಮಾನವು ಬರಲಿಕ್ಕಿಲ್ಲ. ೨೦೦೮ರಿಂದ ನಮ್ಮ ರಾಜ್ಯದಲ್ಲಿ ೧೦೮ ಎಂಬ ಅಂಕೆಗೆ ಬರುವ ಆಂಬುಲೆನ್ಸ್ ಬಂಡಿ ಉಂಟು. ಆ ಬಂಡಿಯು ಬರುವ ಗಲ್ಲಿಯಲ್ಲಿ ನಾವು ಕಲ್ಲು ಕಟ್ಟಿಗೆಗಳನ್ನು ಒಟ್ಟಿದ್ದೇವೋ? ಬಂದವರಿಗೆ ಮನೆ ತೋರಿಸಲು ದೀಪ ಹಿಡಿದು ರಸ್ತೆಯ ಬಾಯಲ್ಲಿ ನಿಲ್ಲುವ ಹುಡುಗನು ಗೊತ್ತಾಗಿದ್ದಾನೋ? ಬಸುರಿಯ ತಿಂಗಳು ತುಂಬುವ ಮೊದಲೇ ಅವಳ ಕಾಗದಗಳನ್ನೂ ಬಟ್ಟೆಯನ್ನೂ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದೇವೋ? ಅವಳು ಯಾವ ಕೇರಿಯವಳಾದರೂ ಅವಳನ್ನು ಬಂಡಿಯ ತನಕ ಎತ್ತಿಕೊಂಡು ಹೋಗಲು ನಮ್ಮ ಯೌವನಸ್ಥರು ಏಳುವರೋ? ಇವು ಸಣ್ಣ ಕೆಲಸಗಳು. ಡಾರ್ಸಿಯ ಬಳಿಯಲ್ಲಿ ದಯೆಗೆ ಕೊರತೆಯಿರಲಿಲ್ಲ, ಸಿದ್ಧತೆಗೆ ಕೊರತೆಯಿತ್ತು.

ಆದಕಾರಣ, ಪ್ರಿಯರೇ, ಈ ವಾರ ಪ್ರಾರ್ಥನೆ ಮುಗಿದ ತರುವಾಯ ಪ್ರತಿಯೊಂದು ಸಭೆಯವರು ಸ್ವಲ್ಪ ಹೊತ್ತು ಕೂತು, ತಮ್ಮ ಊರಲ್ಲಿ ರಾತ್ರಿಯ ಕರೆ ಬಂದರೆ ಯಾರು ಏಳಬೇಕು, ಯಾರು ದೀಪ ಹಿಡಿಯಬೇಕು, ಯಾರು ಜೊತೆಗೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳಲಿ. ಕತ್ತಲೆಯಲ್ಲಿ ಕೂಗುವವನ ಸ್ವರವನ್ನು ಕೇಳುವ ಕರ್ತನು ನಮ್ಮ ಕಿವಿಗಳನ್ನೂ ತೆರೆದು, ನಮ್ಮ ದೀಪಗಳಲ್ಲಿ ಎಣ್ಣೆ ಇರುವಂತೆ ಮಾಡಲಿ.